ಆಗದ ಪಂಕ್ಚರಿನ ಪುರಾವೆ

ಕಡೂರು ಸೀಮೆಯಲ್ಲಿ ರಾಗಿ ಬೆಳೆಯುವುದಕ್ಕೆ ಮಳೆರಾಯನ ಮರ್ಜಿ ಬೇಕು. ನೆಗ್ಗಿಲು ಬೆಳೆಯುವುದಕ್ಕೆ ಯಾರ ಮರ್ಜಿಯೂ ಬೇಡ. ಹಳದಿ ಹೂ ಬಿಟ್ಟುಕೊಂಡು ರಸ್ತೆಯಂಚಿನಲ್ಲಿ ನೆಲಕ್ಕಂಟಿ ಹಬ್ಬಿರುವಾಗ ಬಲು ಸಾಧು ಅನ್ನಿಸುತ್ತದೆ. ಅದರ ಬುದ್ಧಿ ಗೊತ್ತಾಗುವುದು ಕಾಯಿ ಒಣಗಿ ಐದು ಹೋಳಾಗಿ ಒಡೆದ ಮೇಲೆ. ಯಾವ ಹೋಳನ್ನು ಹೇಗೆ ಎಸೆದರೂ ಒಂದು ಮುಳ್ಳು ಮಾತ್ರ ಆಕಾಶ ನೋಡಿಕೊಂಡೇ ಕೂರುತ್ತದೆ. ಆಯುರ್ವೇದದವರು ಇದನ್ನು ಗೋಕ್ಷುರ ಎಂದು ಗೌರವದಿಂದ ಕರೆದು ದಶಮೂಲದ ಹತ್ತರಲ್ಲಿ ಸೇರಿಸಿಕೊಂಡಿದ್ದಾರೆ. ಮೂತ್ರ ಕಟ್ಟಿದವರಿಗೆ ಕೊಡುತ್ತಾರೆ. ಕಟ್ಟಿಕೊಂಡಿದ್ದನ್ನು ಹೊರಗೆ ಬಿಡಿಸುವುದು ಅದರ ಗುಣ. ಸೈಕಲ್ಲಿನ ವಿಷಯದಲ್ಲೂ ಅದು ತನ್ನ ಗುಣ ಬಿಟ್ಟಿಲ್ಲ.

ಇಂಥ ಊರಿಗೆ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಒಂದು ರೇಸ್ ಸೈಕಲ್ ತಂದು ನಿಲ್ಲಿಸಿ, "ಮಾವ, ದಿನಾ ಒಂದು ಸುತ್ತು ಓಡಿಸ್ತಿರಿ, ನಿಂತಲ್ಲೇ ನಿಂತ್ರೆ ಹಾಳಾಗುತ್ತೆ" ಎಂದು ಹೇಳಿ ವಿದೇಶಕ್ಕೆ ಹೊರಟುಹೋದ. ನಿಂತಲ್ಲೇ ನಿಂತು ಹಾಳಾಗುವುದು ಸೈಕಲ್ಲಲ್ಲ, ನಾನು ಎಂಬುದು ಅವನ ಅಭಿಪ್ರಾಯವಾಗಿತ್ತೆಂದು ಆಮೇಲೆ ಹೆಂಡತಿಯಿಂದ ತಿಳಿಯಿತು. ಸೈಕಲ್ಲೇನೋ ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ಟೈರು ಹೆಬ್ಬೆರಳಿನ ಗಾತ್ರ. ಆ ಎರಡು ಟೈರಿನ ದುಡ್ಡಿಗೆ ನಮ್ಮೂರಲ್ಲಿ ಹಿಂದೆ ಕ್ಯಾರಿಯರ್ ಇರುವ, ಒಂದು ಮೂಟೆ ಹಿಂಡಿ ಹೊರುವ, ಗಟ್ಟಿಮುಟ್ಟಾದ ಒಂದು ಸೈಕಲ್ಲೇ ಬರುತ್ತದೆ.

ಬಂದ ವಾರದಲ್ಲೇ ನೆಗ್ಗಿಲು ಅದರ ಪರಿಚಯ ಮಾಡಿಕೊಂಡಿತು. ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಯಜಮಾನರು ಟೈರ್ ಬಿಚ್ಚುವ ಪಟ್ಟಿ ಹಿಡಿದು ಚಕ್ರದ ಸುತ್ತ ಸಂದು ಹುಡುಕಿದರು. ಸಿಗಲಿಲ್ಲ.

"ಇದನ್ನ ಎಲ್ಲಿಂದ ಬಿಚ್ಚೋದು ಮೇಷ್ಟ್ರೇ?"

"ಬಿಚ್ಚೋ ಹಾಗಿಲ್ಲ ಅಣ್ಣ. ರಿಮ್ಮಿಗೆ ಗಮ್ ಹಾಕಿ ಅಂಟಿಸಿದ್ದಾರೆ."

"ಟ್ಯೂಬು?"

"ಟೈರೊಳಗೆ ಇಟ್ಟು ಹೊಲಿದುಬಿಟ್ಟಿದ್ದಾರೆ."

"ಹೊಲಿದವ್ರಾ?" ಯಜಮಾನರು ಪಟ್ಟಿ ಕೆಳಗಿಟ್ಟರು. "ಹಂಗಾದ್ರೆ ಟೈಲರ್ ಹತ್ರ ಹೋಗ್ಬೇಕಿತ್ತಲ್ಲ, ನನ್ನತ್ರ ಯಾಕ್ ಬಂದ್ರಿ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಟ್ಯೂಬ್ಯುಲರ್ ಎಂಬ ಈ ಜಾತಿಯ ಟೈರಿಗೆ ಪ್ಯಾಚ್ ಹಾಕಬೇಕಾದರೆ ಮೊದಲು ಅದನ್ನು ರಿಮ್ಮಿನಿಂದ ಕೀಳಬೇಕು, ಅಡಿಯ ಪಟ್ಟಿ ಎಬ್ಬಿಸಬೇಕು, ಹೊಲಿಗೆ ಬಿಚ್ಚಿ ಕರುಳು ಹೊರಗೆಳೆದು ತೇಪೆ ಹಾಕಿ, ಸೂಜಿ ದಾರದಲ್ಲಿ ಮತ್ತೆ ಹೊಲಿದು, ಪಟ್ಟಿ ಅಂಟಿಸಿ, ಟೈರನ್ನು ಮತ್ತೆ ರಿಮ್ಮಿಗೆ ಅಂಟಿಸಿ, ಗಮ್ ಒಣಗಲು ಒಂದು ರಾತ್ರಿ ಕಾಯಬೇಕು. ಅಷ್ಟರಲ್ಲಿ ನಡೆದುಕೊಂಡೇ ತರೀಕೆರೆ ತಲುಪಬಹುದು.

ಗಾಳಿ ತುಂಬಿದ ಟೈರನ್ನು 1888ರಲ್ಲಿ ಬಳಕೆಗೆ ತಂದ ಡನ್‌ಲಪ್ ಒಬ್ಬ ದನದ ಡಾಕ್ಟರು. ಬೆಲ್‌ಫಾಸ್ಟಿನಲ್ಲಿ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಮಾಡಿದ್ದು. ದನದ ಡಾಕ್ಟರಾದ್ದರಿಂದ ಹೊಲಿಗೆ, ಪಟ್ಟಿಗಳ ಮೇಲೆ ಪ್ರೀತಿ ಸಹಜ. ಅವನ ಟೈರನ್ನೂ ರಿಮ್ಮಿಗೆ ಅಂಟಿಸಿಯೇ ಇರುತ್ತಿದ್ದರು. ಫ್ರಾನ್ಸಿನ ಮಿಷೆಲಿನ್ ಸಹೋದರರು 1891ರಲ್ಲಿ ಕಳಚಿ ಹಾಕಬಹುದಾದ ಟೈರು ತಂದರು. ಅದೇ ವರ್ಷ ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಬರುವ ರೇಸನ್ನು ಅದರ ಮೇಲೆ ಕೂತವನೇ ಗೆದ್ದ. ಲೋಕದ ಕಷ್ಟ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ರೇಸಿನವರು ತೂಕದ ಆಸೆಗೆ ಇನ್ನೂ ನೂರು ವರ್ಷ ಅಂಟಿಸುತ್ತಲೇ ಕೂತರು. ಟೂರ್ ಡಿ ಫ್ರಾನ್ಸಿನ ಹಳೆಯ ಫೋಟೋಗಳಲ್ಲಿ ಸವಾರರು ಸ್ಪೇರ್ ಟೈರುಗಳನ್ನು ಜನಿವಾರದ ಹಾಗೆ ಹೆಗಲಿಗೆ ಅಡ್ಡ ಹಾಕಿಕೊಂಡಿರುವುದು ಕಾಣುತ್ತದೆ. ಇಂದಿನವರಿಗೆ ಹಿಂದೆಯೇ ಕಾರು ಬರುತ್ತದೆ. ಪಂಕ್ಚರ್ ಆದರೆ ಚಕ್ರವನ್ನೇ ಬದಲಾಯಿಸಿ ಕೊಡುತ್ತಾರೆ. ನನ್ನ ಹಿಂದೆ ಬರುವುದು ನಾಯಿ.

ಹುಡುಗನಿಗೆ ಫೋನು ಮಾಡಿದೆ. "ಸೀಲೆಂಟ್ ಹಾಕಿ ಮಾವ" ಎಂದ. ಕೊರಿಯರಿನಲ್ಲಿ ಒಂದು ಬಾಟಲಿ ಬಂತು. ಒಳಗೆ ಹಾಲು. ಮಲೆನಾಡಿನ ರಬ್ಬರ್ ತೋಟದಲ್ಲಿ ಮರದಿಂದ ಇಳಿಯುವುದೇ ಇದು. ಹೆಪ್ಪುಗಟ್ಟದಿರಲೆಂದು ಅಮೋನಿಯಾ ಬೆರೆಸಿ, ಸಣ್ಣ ಕಣಗಳನ್ನು ಸೇರಿಸಿರುತ್ತಾರೆ. ಟೈರಿಗೆ ತೂತು ಬಿದ್ದೊಡನೆ ಗಾಳಿ ಹೊರಗೆ ನುಗ್ಗುವ ರಭಸಕ್ಕೆ ಹಾಲೂ ಅಲ್ಲಿಗೆ ಹೋಗುತ್ತದೆ, ಕಣಗಳು ತೂತಿಗೆ ಸಿಕ್ಕಿಕೊಳ್ಳುತ್ತವೆ, ಹಾಲು ಅವುಗಳ ಮೇಲೆ ಹೆಪ್ಪಾಗಿ ರಬ್ಬರಿನ ಬೆಣೆ ಕೂರುತ್ತದೆ. ಒಂದು ಟೈರಿಗೆ ಮೂವತ್ತು ಎಂಎಲ್ ಸಾಕು.

ಹಾಕಲು ಸಿರಿಂಜ್ ಬೇಕಿತ್ತು. ಮೆಡಿಕಲ್ ಸ್ಟೋರಿನ ಹುಡುಗ ನನ್ನ ಹಳೆಯ ವಿದ್ಯಾರ್ಥಿ.

"ಸೂಜಿ ಬೇಡಪ್ಪ, ದೊಡ್ಡ ಸಿರಿಂಜ್ ಮಾತ್ರ ಕೊಡು."

"ಯಾರಿಗೆ ಸಾರ್?"

"ಸೈಕಲ್ಲಿಗೆ."

ಅವನು ಕೊಟ್ಟ. ಕೊಟ್ಟು, ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಬಿಪಿ ಮಾತ್ರೆ ಖಾಲಿಯಾಗಿದ್ಯಾ ಸಾರ್?" ಎಂದು ಮೆಲ್ಲಗೆ ಕೇಳಿದ.

ವಾಲ್ವಿನೊಳಗಿನ ಸಾಸಿವೆಯಷ್ಟು ಸಾಮಾನನ್ನು ತಿರುಪಿ ತೆಗೆದು, ಬಾಟಲಿ ಕುಲುಕಿ, ಜಗಲಿಯ ಮೇಲೆ ಹಾಲೂಡಿಸುತ್ತಿದ್ದೆ. ಅಮೋನಿಯಾದ ಘಾಟು ಅಡುಗೆಮನೆ ಮುಟ್ಟಿತು. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಂದಳು.

"ಇದರಿಂದ ಏನಾಗುತ್ತೆ?"

"ಏನೂ ಆಗಲ್ಲ. ಅದೇ ಇದರ ಉಪಯೋಗ."

ನನ್ನ ತೊಂದರೆ ಶುರುವಾದದ್ದೇ ಇಲ್ಲಿಂದ. ಜೀವಮಾನವೆಲ್ಲ ಹೈಸ್ಕೂಲಿನಲ್ಲಿ ರೇಖಾಗಣಿತ ಹೇಳಿದವನು ನಾನು. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ಮೆಟ್ಟಿಲು ಹತ್ತದೆ ಯಾವುದನ್ನೂ ಒಪ್ಪಿದವನಲ್ಲ. ಪಂಕ್ಚರ್ ಅಂಗಡಿಯಲ್ಲಿ ಈ ಶಿಸ್ತು ಇದೆ. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ತೋರಿಸುತ್ತಾರೆ, ಮುಳ್ಳನ್ನು ಕಿತ್ತು ಅಂಗೈ ಮೇಲಿಡುತ್ತಾರೆ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಊದಿ, ಪ್ಯಾಚ್ ಹಾಕಿ, ಮತ್ತೆ ಮುಳುಗಿಸಿ, ಗುಳ್ಳೆ ಇಲ್ಲದ್ದನ್ನೂ ತೋರಿಸುತ್ತಾರೆ. ಸಾಧನೀಯವು ಸಾಧಿಸಲ್ಪಟ್ಟಿತು ಎಂದು ಬರೆಯುವುದೊಂದು ಬಾಕಿ. ಸೀಲೆಂಟಿನಲ್ಲಿ ಇದಾವುದೂ ಇಲ್ಲ. ಪಂಕ್ಚರ್ ಆಗಲಿಲ್ಲ ಎಂದರೆ ಮುಳ್ಳು ಚುಚ್ಚಿ ಹಾಲು ಮುಚ್ಚಿತೋ, ಮುಳ್ಳೇ ಚುಚ್ಚಲಿಲ್ಲವೋ? ಬರೀ ನಂಬಿಕೆಯ ಮೇಲೆ ಬೀರೂರು ದಾಟಿ ಅಜ್ಜಂಪುರಕ್ಕೆ ಹೋಗುವುದು, ಈರುಳ್ಳಿ ಹೊಲಗಳ ಮಧ್ಯೆ ತರೀಕೆರೆಗೆ ತಿರುಗುವುದು, ಏನೂ ಆಗದೆ ಮನೆಗೆ ಬರುವುದು. "ಏನಾಯ್ತು?" ಎಂದು ಹೆಂಡತಿ ಕೇಳಿದರೆ, "ಏನೂ ಆಗಲಿಲ್ಲ" ಎಂದು ಹೆಮ್ಮೆಯಿಂದ ಹೇಳುವುದು. ಈ ಹೆಮ್ಮೆಯಲ್ಲಿ ಅವಳಿಗೆ ಪಾಲು ಬೇಕಿರಲಿಲ್ಲ.

ಒಮ್ಮೆ ಮಾತ್ರ ಸಾಕ್ಷಿ ಸಿಕ್ಕಿತು. ಅಜ್ಜಂಪುರದ ಅಮೃತ ಮಹಲ್ ಕಾವಲಿನ ಕಡೆ ಹೋಗುತ್ತಿದ್ದೆ. ಯಾರೋ ಬೇಲಿಗೆಂದು ಜಾಲಿ ಕೊಂಬೆಗಳನ್ನು ರಸ್ತೆಯುದ್ದಕ್ಕೂ ಎಳೆದುಕೊಂಡು ಹೋಗಿದ್ದರು. ಚುಸ್ ಎಂದಿತು. ಬೆನ್ನಿನ ಮೇಲೆ ತಣ್ಣಗೆ ಏನೋ ಎರಚಿದಂತಾಯಿತು. ಚಕ್ರ ತಿರುಗಿದಂತೆಲ್ಲ ಬಿಳಿ ಧಾರೆ. ಎಮ್ಮೆ ಕಾಯುತ್ತಿದ್ದ ಹುಡುಗ ಕೂಗಿದ: "ತಾತಾ, ನಿಮ್ ಸೈಕಲ್ ಹಾಲು ಕರೀತೈತೆ!"

ಅಮೃತ ಮಹಲ್ ರಾಸುಗಳು ಹೈದರಾಲಿಯ ಫಿರಂಗಿ ಎಳೆದ ವಂಶ. ಈ ಹೆಸರು ಕೊಟ್ಟವನು ಟಿಪ್ಪು. ಬಂಡಿಗೆ, ಬೇಸಾಯಕ್ಕೆ ಅವನ್ನು ಮೀರಿಸಿದವಿಲ್ಲ, ಹಾಲಿಗೆ ಮಾತ್ರ ಯಾರೂ ನಂಬುವುದಿಲ್ಲ. ಆ ಕಾವಲಿನ ಪಕ್ಕದಲ್ಲಿ ಹಾಲು ಕೊಟ್ಟ ಕೀರ್ತಿ ನನ್ನ ಸೈಕಲ್ಲಿಗೆ ಸಂದಿತು. ಈ ಟೈರಿನ ಒತ್ತಡ ಊರ ಸೈಕಲ್ಲಿಗಿಂತ ಎರಡು ಪಟ್ಟಿನ ಮೇಲೆ. ಹಾಗಾಗಿ ಹಾಲು ಹೆಪ್ಪಾಗುವ ಮೊದಲೇ ಹಾರಿಹೋಗುತ್ತದೆ. ಅರ್ಧದಷ್ಟು ಗಾಳಿ ಹೋಗಿ ರಭಸ ಇಳಿದ ಮೇಲೆ ಬೆಣೆ ಕೂತಿತು. ಮೆತ್ತಗಾದ ಚಕ್ರದಲ್ಲೇ ತರೀಕೆರೆ ಏರಿ ಸೇರಿದೆ. ಆ ಏರಿಯ ಮೇಲಿನ ಕರಿ ಕುರಿಮರಿಗಳ ಮಾತನ್ನು ಏದುಸಿರಿನಲ್ಲೂ ತೊದಲದೆ ಹೇಳಿದ್ದರಿಂದ ಶ್ವಾಸಕೋಶವೂ ಪಾಸಾಯಿತು.

ಮನೆಯಲ್ಲಿ ಅಂಗಿಯ ಬೆನ್ನು ತೋರಿಸಿದೆ. "ಯಾವ ಮರದ ಕೆಳಗೆ ನಿಂತಿದ್ರಿ?" ಎಂದಳು ಹೆಂಡತಿ. ಒಗೆದೂಬಿಟ್ಟಳು.

ಗಾಳಿ ಹೊಡೆಸುವ ನೆಪದಲ್ಲಿ ಮತ್ತೆ ಪಂಕ್ಚರ್ ಅಂಗಡಿಗೇ ಹೋದೆ. ಯಜಮಾನರು ಕನ್ನಡಕ ಹಣೆಗೇರಿಸಿ ಚಕ್ರವನ್ನು ನಿಧಾನಕ್ಕೆ ತಿರುಗಿಸಿದರು. ಬೆರಳ ತುದಿಯಲ್ಲಿ ಸವರುತ್ತ ಬಂದು ಒಂದು ಕಡೆ ನಿಲ್ಲಿಸಿ, ಉಗುರಿನಿಂದ ಮೀಟಿ, "ಇದು ಜಾಲಿ" ಎಂದರು. ಮುಂದೆ ತಿರುಗಿಸಿ, "ಇದು ನೆಗ್ಗಿಲು. ಇದೂ ನೆಗ್ಗಿಲು." ಇನ್ನೊಂದು ಸುತ್ತು. "ಇದು ಗಾಜಿಂದು, ಸೀಳ್ದಂಗೈತೆ."

"ಅಂದ್ರೆ ನಾಲ್ಕು ಪಂಕ್ಚರ್ ಆಗಿದ್ವಾ ಅಣ್ಣ?" ಸಂತೋಷ ತಡೆಯಲಾಗಲಿಲ್ಲ ನನಗೆ.

"ನಾಕೂ ನನ್ನ ಅಂಗ್ಡಿಗೆ ಬರ್ಬೇಕಾಗಿದ್ದವು ಮೇಷ್ಟ್ರೇ" ಎಂದರು ಯಜಮಾನರು. ಮನಸ್ಸಿನಲ್ಲೇ ಏನೋ ಗುಣಿಸಿದರು. "ಹೋಗ್ಲಿ ಬಿಡಿ. ಎರಡು ಟೀ ಹೇಳಿ, ಜತೆಗೊಂದು ಪ್ಲೇಟ್ ಬೋಂಡ."

ಬೋಂಡ ಮುಗಿಯುವ ಹೊತ್ತಿಗೆ, ಆ ಹಾಲಿನ ಬಾಟಲಿ ಡಜನ್ ಲೆಕ್ಕದಲ್ಲಿ ತರಿಸಿದರೆ ಎಷ್ಟಕ್ಕೆ ಬಿಡುತ್ತಾರೆ ಎಂದು ವಿಚಾರಿಸತೊಡಗಿದ್ದರು.