ಸೀಲು ತಾತ

ಚೋರನೂರಿನಲ್ಲಿ ಅವರ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಊರಿಗೆಲ್ಲ ಅವರು ಸೀಲು ತಾತ. ಸಂಡೂರು ಗುಡ್ಡದಿಂದ ಇಳಿಯುವ ಅದಿರು ಲಾರಿಗಳ ಪರ್ಮಿಟ್ಟು, ಟ್ರಿಪ್ ಶೀಟು ನೋಡಿ ನೋಡಿಯೇ ಸವೆದವರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿದಾಗ ಲಾರಿ ನಿಂತವು, ತಾತನ ಚೆಕಿಂಗ್ ನಿಲ್ಲಲಿಲ್ಲ. ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಯಾವ ಕಾಗದ ಕೊಟ್ಟರೂ ಮೊದಲು ತಿರುವಿ ಹಿಂಬದಿ ನೋಡುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಆಮೇಲೆ ಕನ್ನಡಕ ಹುಡುಕುತ್ತಾರೆ. ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಟಿಕೀಟನ್ನು ಅವನಿಗೇ ತೋರಿಸಿ, ‘ತಾರೀಕು ಮಸುಕಾಗೈತಲ್ಲೋ’ ಎಂದು ದಬಾಯಿಸುತ್ತಾರೆ.

ಮದುವೆ ಪತ್ರಿಕೆಯ ನಾಲ್ಕು ಮೂಲೆಗೂ ಅರಿಸಿನ ಬೀಳದಿದ್ದರೆ ಸೀಲು ತಾತ ಮುಟ್ಟುವುದಿಲ್ಲ. ಒಮ್ಮೆ ನಾಲ್ಕೂ ಮೂಲೆ ಹಳದಿಯಾಗಿದ್ದ ಪತ್ರಿಕೆಯೊಂದನ್ನು ‘ಎಲ್ಲಾ ಸರಿ ಐತಿ, ಹಂಚ್ರಿ’ ಎಂದು ಪಾಸು ಮಾಡಿದರು. ಪ್ರೆಸ್ಸಿನವನ ಕೃಪೆಯಿಂದ ಅದರಲ್ಲಿ ವರನ ಜಾಗದಲ್ಲಿ ವರನ ಅಪ್ಪನ ಹೆಸರಿತ್ತು. ಒಳಗೆ ಏನು ಬರೆದಿದೆ ಎಂದು ಓದುವುದು ತಾತನ ಇಲಾಖೆಗೆ ಬರುವುದಿಲ್ಲ.

ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದುವ ಮೊಮ್ಮಗಳು ರಜೆಗೆ ಬಂದು, ಕಟ್ಟೆಯ ಮೇಲೆ ಕೂತು ಪರೀಕ್ಷೆಗೆ ಉರು ಹೊಡೆಯುತ್ತಿದ್ದಳು. ‘ಜೀವಕೋಶದ ನ್ಯೂಕ್ಲಿಯಸ್‌ನಿಂದ ಹೊರಗೆ ಹೋಗುವ ಪ್ರತಿ ಎಂ-ಆರ್‌ಎನ್‌ಎಗೂ, ಅಂದರೆ ಡಿಎನ್‌ಎ ಬರಹದ ನಕಲಿಗೂ, ತಪಾಸಣೆ ಉಂಟು’ ಎಂಬ ವಾಕ್ಯ ಕಿವಿಗೆ ಬಿದ್ದದ್ದೇ ತಾತ ಮಂಡಕ್ಕಿಯ ತಟ್ಟೆ ಪಕ್ಕಕ್ಕಿಟ್ಟರು.

‘ಏನೇನು ನೋಡ್ತಾರವ್ವಾ?’

‘ತಲೀಗೆ ಟೋಪಿ ಐತೋ ಇಲ್ಲೋ ನೋಡ್ತಾರ ತಾತ. ಡಿಎನ್‌ಎ ನಕಲು 20-30 ಅಕ್ಷರ ಆಗೋದ್ರಾಗ ಅದನ್ನ ಹಾಕಿರ್ತಾರ. ಬಾಲದಾಗ ಎ ಅನ್ನೋ ಒಂದೇ ಅಕ್ಷರ ಸುಮಾರು 200 ಸಲ ಬರೆದಿರ್ಬೇಕು.’

‘ಚಲೋ ಪದ್ಧತಿ. ಒಂದು ಸಹಿ ಯಾವನರ ಹಾಕ್ತಾನ. 200 ಹಾಕೋಕೆ ಕಳ್ಳಗೆ ಬ್ಯಾಸರ ಬರ್ತೈತಿ.’

ನಡುವಿನ ಬೇಡದ ತುಂಡುಗಳನ್ನು, ಅಂದರೆ ಇಂಟ್ರಾನುಗಳನ್ನು, ಕತ್ತರಿಸಿ ಉಳಿದದ್ದನ್ನು ಬೆಸೆಯುತ್ತಾರೆ ಎಂದಾಗ ಮಾತ್ರ ತಾತನ ಹುಬ್ಬು ಗಂಟಿಕ್ಕಿತು. ದಾಖಲೆ ಕತ್ತರಿಸುವುದು ಅವರ ಪ್ರಕಾರ ಕ್ರಿಮಿನಲ್ ಕೇಸು. ಜೀವಕೋಶದ ಈ ಕತ್ತರಿ ಕೆಲಸವನ್ನು 1977ರಲ್ಲಿ ಕಂಡುಹಿಡಿದದ್ದಕ್ಕೆ ಫಿಲಿಪ್ ಶಾರ್ಪ್, ರಿಚರ್ಡ್ ರಾಬರ್ಟ್ಸ್ ಇಬ್ಬರಿಗೂ 1993ರಲ್ಲಿ ನೊಬೆಲ್ ಕೊಟ್ಟರು ಎಂದು ಅವಳು ಸಮಾಧಾನ ಹೇಳಬೇಕಾಯಿತು. ಉದಾಹರಣೆಗೆ, ಸ್ನಾಯುವಿಗೆ ಬೇಕಾದ ಡಿಸ್ಟ್ರೋಫಿನ್ ಜೀನು 22 ಲಕ್ಷ ಅಕ್ಷರಕ್ಕೂ ಉದ್ದ. ಕತ್ತರಿಸಿ ಬೆಸೆದ ಮೇಲೆ ಉಳಿಯುವುದು ಸುಮಾರು 14,000. ನಕಲು ಮುಗಿಯಲು ಸುಮಾರು 16 ತಾಸು.

‘16 ತಾಸಿನಾಗ 22 ಲಕ್ಷ ಅಕ್ಷರದ ನಕಲು ಕೈಗೆ ಬರ್ತೈತಾ? ಆ ಗುಮಾಸ್ತ ಹೊಸಬ ಇರ್ಬೇಕು.’

ಟೋಪಿ, ಬಾಲ, ಬೆಸುಗೆ ಯಾವುದು ಕೆಟ್ಟರೂ ಆ ಪ್ರತಿಯನ್ನು ಎಕ್ಸೋಸೋಮ್ ಎಂಬ ಯಂತ್ರ ನ್ಯೂಕ್ಲಿಯಸ್‌ ಒಳಗೇ ಅಕ್ಷರ ಅಕ್ಷರವಾಗಿ ಕಡಿದು ಹಾಕುತ್ತದೆ. ಆ ಅಕ್ಷರಗಳು ಮತ್ತೆ ಬಳಕೆಗೆ ಬರುತ್ತವೆ. ಯೀಸ್ಟ್‌ನಲ್ಲಿ ಈ ಯಂತ್ರವನ್ನು 1997ರಲ್ಲಿ ಗುರುತಿಸಿದರು. ಇಲ್ಲಿ ತಾತ ನಿಜಕ್ಕೂ ಭಾವುಕರಾದರು. ಜಪ್ತಿ ಮಾಲನ್ನು ಗುಡ್ಡೆ ಹಾಕಿ ಇಡುವ ಪದ್ಧತಿಯೇ ಇಲ್ಲ! 2010ರಲ್ಲಿ ಬೇಲೇಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರೇ ಹಡಗು ಹತ್ತಿ ಹೋದದ್ದನ್ನು ಪೇಪರಿನಲ್ಲಿ ಓದಿದವರು ಅವರು.

‘ಸರಿ, ಒಳಗಿನ ಬರಹ ಯಾರು ಓದ್ತಾರ?’ ಎಂದು ಕೇಳಿದ್ದು ತಾತನಲ್ಲ, ನಾನು.

ಗೇಟಿನಲ್ಲಿ ಯಾರೂ ಓದುವುದಿಲ್ಲವಂತೆ. ಕೆಲಸ ಕ್ರಮವಾಗಿ ಆಗಿದೆ ಎಂಬ ಗುರುತುಗಳನ್ನಷ್ಟೇ ಅಲ್ಲಿ ನೋಡುತ್ತಾರೆ. ತಾತ ನನ್ನ ಕಡೆ ನೋಡಿದ ನೋಟದಲ್ಲಿ ಒಂದು ಜೀವಮಾನದ ಸಮರ್ಥನೆ ಇತ್ತು. ಬರಹ ಓದುವುದು ಹೊರಗಿರುವ ರೈಬೋಸೋಮ್. ಆದರೆ ಒಳಗೆ ಒತ್ತಿದ ಗುರುತು ಅಲ್ಲಿ ಕೆಲಸಕ್ಕೆ ಬರುತ್ತದೆ, ನನಗೆ ರುಚಿಸಿದ್ದು ಇದು. ಬೆಸೆಯುವಾಗಲೇ ಪ್ರತಿ ಬೆಸುಗೆಗೆ 20-24 ಅಕ್ಷರ ಮೊದಲು ಪ್ರೋಟೀನುಗಳ ಒಂದು ಗುಂಪು ಅಂಟಿಕೊಳ್ಳುತ್ತದೆ. ಮೊದಲ ಸಲ ಓದುತ್ತಾ ರೈಬೋಸೋಮ್ ಅವನ್ನೆಲ್ಲ ಕೆಡವಿಕೊಂಡು ಹೋಗುತ್ತದೆ. ಅಕ್ಷರದೋಷದಿಂದ ‘ಮುಗಿಯಿತು’ ಎಂಬ ಸಂಕೇತ ನಡುವೆಯೇ ಬಂದರೆ ಓದು ಅಲ್ಲೇ ನಿಲ್ಲುತ್ತದೆ, ಮುಂದಿನ ಗುರುತು ಬೀಳದೆ ಉಳಿಯುತ್ತದೆ. ಉಳಿದ ಗುರುತೇ ಸಾಕ್ಷಿ: ಆ ಪ್ರತಿಯನ್ನು ನಾಶ ಮಾಡುತ್ತಾರೆ.

ಅಷ್ಟಾದರೂ ಒಂದಕ್ಷರದ ಏಟು ಸಣ್ಣದಲ್ಲ. ಭಾರತದಲ್ಲಿ ಬೀಟಾ ಥಲಸ್ಸೀಮಿಯಾಕ್ಕೆ ಅತಿ ಹೆಚ್ಚು ಕಾರಣವಾಗುವ ದೋಷ, ಗ್ಲೋಬಿನ್ ಜೀನಿನ ಮೊದಲ ಇಂಟ್ರಾನಿನ ಐದನೆಯ ಅಕ್ಷರ ಜಿ ಹೋಗಿ ಸಿ ಆಗಿರುವುದು. ಕತ್ತರಿ ಬೀಳುವ ಜಾಗವೇ ತಪ್ಪುತ್ತದೆ, ಮಗುವಿಗೆ ತಿಂಗಳು ತಿಂಗಳು ರಕ್ತ ಹಾಕಿಸಬೇಕಾಗುತ್ತದೆ. ಕತ್ತರಿಸಿ ಎಸೆಯುವ ಕಾಗದದಲ್ಲೂ ತಪ್ಪಿರಬಾರದು ಎಂದು ತಾತ ಮೂರು ಸಲ ಹೇಳಿದರು.

ಗೇಟಿನ ವಿವರ ಕೇಳಲು ಪಕ್ಕದ ಮನೆಯವರೂ ಬಂದು ಕೂತರು. ನ್ಯೂಕ್ಲಿಯಸ್ಸಿನ ಗೋಡೆಯಲ್ಲಿ ಸಾವಿರಾರು ರಂಧ್ರಗಳು, ಒಂದೊಂದನ್ನೂ ಕಟ್ಟಿರುವುದು ಸುಮಾರು 30 ಬಗೆಯ ಪ್ರೋಟೀನು. ಸಾಮಾನ್ಯವಾಗಿ ಎನ್‌ಎಕ್ಸ್‌ಎಫ್1 ಎಂಬ ಪ್ರೋಟೀನು ಜೊತೆಗಿದ್ದರೆ ಮಾತ್ರ ದಾರಿ. ಹೊರಬಾಗಿಲಲ್ಲಿ ಡಿಡಿಎಕ್ಸ್19 ಎಂಬ ಇನ್ನೊಂದು ಪ್ರೋಟೀನು ಅದನ್ನು ಕಿತ್ತುಕೊಳ್ಳುತ್ತದೆ, ವಾಪಸ್ ಬರುವ ಮಾತೇ ಇಲ್ಲ.

‘ಅದೇ ಪಾಸಿನ ಮ್ಯಾಲೆ ಎರಡನೇ ಟ್ರಿಪ್ಪು ಹೊಡಿಯಂಗಿಲ್ಲ’ ಎಂದು ತಾತ ಪಕ್ಕದ ಮನೆಯವರಿಗೆ ಅನುವಾದಿಸಿದರು. ‘ಒಂದು ಗಾಡಿ ದಾಟಾಕ ಎಷ್ಟೊತ್ತವ್ವಾ?’

ಅವಳು ಪುಟ ತಿರುವಿದಳು. 2010ರಲ್ಲಿ ಗ್ರುನ್‌ವಾಲ್ಡ್ ಮತ್ತು ಸಿಂಗರ್ ಇಲಿಯ ಜೀವಕೋಶದಲ್ಲಿ ಅಳೆದಿದ್ದಾರೆ: ಒಳಗೇಟಿನಲ್ಲಿ ನಿಲ್ಲುವುದು 80 ಮಿಲಿಸೆಕೆಂಡು, ದಾಟುವುದು 5ರಿಂದ 20, ಹೊರಗೇಟಿನಲ್ಲಿ ಮತ್ತೆ 80. ದಾಟುವುದಕ್ಕಿಂತ ಗೇಟಿನಲ್ಲಿ ನಿಲ್ಲುವುದೇ ಹೆಚ್ಚು ಎಂಬುದಕ್ಕೆ ತಾತ ತೃಪ್ತಿಯಿಂದ ತಲೆದೂಗಿದರು. ಆಮೇಲೆ ಒಂದು ಸೆಕೆಂಡಿಗೆ ಎಷ್ಟು ಮಿಲಿಸೆಕೆಂಡು ಎಂದು ಕೇಳಿ, ಬೆರಳು ಮಡಚಿ ಲೆಕ್ಕ ಹಾಕಿ, ಗಾಬರಿಯಿಂದ ಕೇಳಿದರು:

‘ಹಂಗಾರ ಆ ಗೇಟಿನ್ಯಾಗ ಕುಂತೋರು ಚಾ ಯಾವಾಗ ಕುಡೀತಾರ?’