ಪೋಷಕಾಂಶ

(ಸಂಜೆ. ಸಿದ್ದನ ಎಗ್‌ರೈಸ್ ಗಾಡಿ.)

ಸಿದ್ದ: ಏನ್ ಸ್ವಾಮಿ, ಗಂಟಲು ಕೂತುಬಿಟ್ಟಿದೆ?

ಪೋಷಕ: ಬೆಳಿಗ್ಗೆಯಿಂದ ಸರ್ಕಾರಿ ಶಾಲೆ ಗೇಟಲ್ಲಿ ಧಿಕ್ಕಾರ ಕೂಗಿದ್ದು. ಬಿಸಿಯೂಟಕ್ಕೆ ಮೊಟ್ಟೆಯಂತೆ! ಧರ್ಮ ಉಳೀಬೇಕಲ್ಲ?

ಸಿದ್ದ: ತಿನ್ನದವ್ರಿಗೆ ಬಾಳೆಹಣ್ಣು ಇದೆಯಲ್ಲ?

ಪೋಷಕ: ಪಕ್ಕದವನು ತಿಂದ್ರೆ ವಾಸನೆ ಬರಲ್ವೇನೋ?

ಸಿದ್ದ: ಅದ್ರಲ್ಲಿ ಪೋಷಕಾಂಶ ಇದೆಯಂತೆ.

ಪೋಷಕ: ಪೋಷಕರೇ ಬೇಡ ಅಂದ್ಮೇಲೆ ಎಂಥಾ ಪೋಷಕಾಂಶ!

ಸಿದ್ದ: ನಿಮ್ಮ ಮಗ ಅದೇ ಶಾಲೆನಾ?

ಪೋಷಕ: ಛೆ, ಅವನು ಕಾನ್ವೆಂಟು. ಇವತ್ತು ಕ್ಲಾಸಲ್ಲಿ ಬರ್ತ್‌ಡೇ ಕೇಕು.

ಸಿದ್ದ: ಕೇಕಲ್ಲಿ ಮೊಟ್ಟೆ...?

ಪೋಷಕ: ಕಣ್ಣಿಗೆ ಕಾಣಲ್ಲ ಬಿಡು. ನಂಗೆ ದಿನದ ಹಾಗೆ ಡಬಲ್ ಎಗ್ ಹಾಕು. ಪೇಪರ್ ಸುತ್ತು, ಯಾರಾದ್ರೂ ನೋಡಿಯಾರು.

ಸಿದ್ದ: 2024ರಿಂದ ಮಕ್ಕಳಿಗೆ ವಾರಕ್ಕೆ 6. ನಿಮ್ಮ ಲೆಕ್ಕ 14. ಧರ್ಮ 8 ಮೊಟ್ಟೆ ಅಂತರದಲ್ಲಿ ಗೆದ್ದಿದೆ ಸ್ವಾಮಿ!