ಉಚ್ಚೆ ಬಟ್ಟೆಗೆ ಬೆಲೆ ತಂದವರಿಗೊಂದು ಬಹಿರಂಗ ಪತ್ರ

ಪರಿಸರಸ್ನೇಹಿ ಬಟ್ಟೆ ಡೈಪರ್ ತಯಾರಿಸಿ ಮಾರುವ ಮಾನ್ಯರೇ,

ಮೊದಲಿಗೆ ಅಭಿನಂದನೆ. ನಮ್ಮ ಅಜ್ಜಿಯರು ಹಳೇ ಪಂಚೆ ಹರಿದು ಮಾಡುತ್ತಿದ್ದ ಉಚ್ಚೆ ಬಟ್ಟೆಗೆ ನೀವು ಗುಂಡಿ ಹೊಲಿದು, ಆನೆ, ಜಿರಾಫೆಗಳ ಅಚ್ಚು ಹಾಕಿ, ಒಂದೊಂದಕ್ಕೂ 600 ರೂಪಾಯಿಯ ಆಸುಪಾಸು ಬೆಲೆ ಕಟ್ಟಿದ್ದೀರಿ. ಇಂಥ ಆಸ್ತಿಯನ್ನು ಅವರು ಕಾವಲೂ ಇಲ್ಲದೆ ಹಿತ್ತಲ ಹಗ್ಗದ ಮೇಲೆ ನೇತುಹಾಕುತ್ತಿದ್ದರಲ್ಲ!

ನಿಮ್ಮ ಉಳಿತಾಯದ ಲೆಕ್ಕವನ್ನೂ ಮಾಡಿ ನೋಡಿದೆ. ಬಿಸಾಡುವ ಡೈಪರ್ ಒಂದಕ್ಕೆ 10 ರೂಪಾಯಿ, ದಿನಕ್ಕೆ ಆರು ಎಂದು ಹಿಡಿದರೂ ತಿಂಗಳಿಗೆ 1,800, ಎರಡು ವರ್ಷಕ್ಕೆ 43,200. ನಿಮ್ಮವು 24 ಕೊಂಡರೆ 14,400ಕ್ಕೆ ಮುಗಿಯಿತು. ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಸಣ್ಣ ತೊಡಕೆಂದರೆ, ಆ 14,400 ಒಂದೇ ಸಲಕ್ಕೆ ಕೈಯಲ್ಲಿರಬೇಕು. ಹಾಗೆ ಇರುವವರಿಗೆ ಡೈಪರಿನ ಚಿಂತೆಯಿಲ್ಲ. ಚಿಂತೆ ಇರುವವರಿಗೆ ಹೆರಿಗೆ ಖರ್ಚು, ನಾಮಕರಣ, ಮನೆ ಬಾಡಿಗೆ ಕಳೆದ ಮೇಲೆ ಅಷ್ಟು ಉಳಿಯುವುದಿಲ್ಲ. ಬಿಸಾಡುವ ಡೈಪರಿನವರು ಈ ಮರ್ಮ ಬಲ್ಲವರು. ಬೀದಿ ಕೊನೆಯ ಕಿರಾಣಿ ಅಂಗಡಿಯಲ್ಲಿ ಶಾಂಪೂ ಸ್ಯಾಶೆಯ ಪಕ್ಕದಲ್ಲೇ ಅವರ ಮಾಲು ಒಂದೆರಡಾಗಿಯೂ ಸಿಗುತ್ತದೆ. ಬಡವನಿಗೆ ಖರ್ಚು ಚಿಲ್ಲರೆಯಲ್ಲಿ ಸಿಗುತ್ತದೆ. ಉಳಿತಾಯ ಮಾತ್ರ ಸಗಟಿನಲ್ಲೇ.

ನಿಮ್ಮ ಜಾಹೀರಾತಿನ ಮಗುವಂತೂ ಬಂಗಾರ. ಅದು ನಗುತ್ತದೆ, ತಾಯಿಯೂ ನಗುತ್ತಾಳೆ, ಕಕ್ಕ ಮಾತ್ರ ಯಾರೂ ಮಾಡುವುದಿಲ್ಲ. ನಮ್ಮ ಕಡೆ ಹುಟ್ಟುವ ಕೂಸುಗಳು ದಿನಕ್ಕೆ ಹತ್ತು ಸಲವಾದರೂ ಬಟ್ಟೆ ಬದಲಿಸುವಂತೆ ಮಾಡುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಕೂಸು ಹಾಸಿಗೆ ಇದ್ದಷ್ಟೂ ನೆನೆಸುತ್ತದೆ. ಅದನ್ನೆಲ್ಲ ತೊಳೆಯುವ ನೀರು ನಿಮ್ಮ ಲೆಕ್ಕದಲ್ಲಿ ಯಾವ ಸಾಲಿನಲ್ಲಿದೆ? 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಸಾರಿತ್ತು. ಪುಣ್ಯಕ್ಕೆ ಉಚ್ಚೆ ಬಟ್ಟೆಯ ಹೆಸರೆತ್ತಲಿಲ್ಲ. ಆದರೂ ಟ್ಯಾಂಕರ್ ನೀರಿಗೆ ಕಾಯುತ್ತಿದ್ದ ಮನೆಗಳಲ್ಲಿ ನಿಮ್ಮ ಜಿರಾಫೆಯನ್ನು ನೆನೆಹಾಕುವುದು ಎಲ್ಲಿ?

ಮಳೆಗಾಲದ ಮಾತೂ ಇದೆ. ಮಲೆನಾಡಿನ ಬಾಣಂತಿ ಕೋಣೆಯಲ್ಲಿ ಕೆಂಡದ ಮೇಲೆ ಬಿದಿರ ಬುಟ್ಟಿ ಕವುಚಿ ಕೂಸಿನ ಬಟ್ಟೆ ಒಣಗಿಸುತ್ತಿದ್ದರು. ಹಳೇ ಹತ್ತಿ ಅದನ್ನು ಸಹಿಸುತ್ತದೆ. ನಿಮ್ಮದರ ಹೊರಪದರ ಪಾಲಿಯುರೆಥೇನ್ ಹಚ್ಚಿದ ಪಾಲಿಯೆಸ್ಟರ್. ಹೆಚ್ಚು ಬಿಸಿ ತಗುಲಿದರೆ ಪದರ ಕಿತ್ತು ಸೋರತೊಡಗುತ್ತದೆ. ಬುಟ್ಟಿಯ ಮೇಲೆ ಹಾಕುವಂತಿಲ್ಲ, ಬಿಸಿಲು ಬರುವವರೆಗೆ ಕೂಸಿಗೆ ತಡೆದುಕೋ ಎನ್ನುವಂತೆಯೂ ಇಲ್ಲ.

ಭೂಮಿಯನ್ನು ಉಳಿಸುವ ಹೊಣೆಯನ್ನೂ ನೀವು ಹೊತ್ತಿದ್ದೀರಿ, ಸಂತೋಷ. ಬ್ರಿಟನ್ನಿನ ಪರಿಸರ ಏಜೆನ್ಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಎರಡೂವರೆ ವರ್ಷದ ಲೆಕ್ಕ ಹಾಕಿತ್ತು. ಅಲ್ಲಿನ ಸರಾಸರಿ ಬಳಕೆಯಲ್ಲಿ ಬಿಸಾಡುವ ಡೈಪರಿನ ಇಂಗಾಲದ ಹೊರೆ ಸುಮಾರು 550 ಕಿಲೋ, ಬಟ್ಟೆಯದು 570! ಯಂತ್ರ ತುಂಬುವಷ್ಟು ಬಟ್ಟೆ ಸೇರಿಸಿ ಒಗೆದು, ಹೊರಗೆ ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಅವನ್ನೇ ಬಳಸಿದರೆ ಬಟ್ಟೆಯ ಹೊರೆ ಶೇ. 40ರಷ್ಟು ಇಳಿಯುತ್ತದೆ. ಅಂದರೆ ಪುಣ್ಯ ಇರುವುದು ಡೈಪರಿನಲ್ಲಲ್ಲ, ಒಗೆಯುವ ಕೈಯಲ್ಲಿ. ಅಜ್ಜಿಯರು ಯಂತ್ರವಿಲ್ಲದೆ, ವರದಿ ಓದದೆ, ಅವೇ ತುಂಡುಗಳಲ್ಲಿ ನಾಲ್ಕೈದು ಮಕ್ಕಳನ್ನು ದಾಟಿಸಿದರು. ಅವರ ಕೂಲಿಯನ್ನು ಯಾರೂ ಲೆಕ್ಕ ಹಾಕಲಿಲ್ಲ; ಆದ್ದರಿಂದಲೇ ಬಟ್ಟೆ ಅಷ್ಟು ಅಗ್ಗವಾಗಿತ್ತು.

ನಮ್ಮ ಮನೆಯಲ್ಲೀಗ ರಾಜಿಸೂತ್ರ. ಹಗಲಿಗೆ ಪಂಚೆಯ ತುಂಡು ಮಡಚಿ, ಮೇಲೆ ನೀರು ಸೋರದ ಬರೀ ಕವಚ. ಒದ್ದೆಯಾದರೆ ಒಳಗಿನ ತುಂಡಷ್ಟೇ ಬದಲು. ಒಗೆಯುವಾಗ ಬಟ್ಟೆ ಮೆದುವಾಗಿಸುವ ದ್ರವ ಹಾಕುವುದಿಲ್ಲ, ಹಾಕಿದರೆ ಬಟ್ಟೆ ಹೀರುವುದನ್ನೇ ಮರೆಯುತ್ತದೆ. ರಾತ್ರಿಗೆ, ಬಸ್ ಪ್ರಯಾಣಕ್ಕೆ ಬಿಸಾಡುವುದು. ಇದರಿಂದ ಭೂಮಿ ಪೂರ್ತಿ ಉಳಿಯಲಿಕ್ಕಿಲ್ಲ. ತಿಂಗಳ ಕೊನೆಗೆ ಹಾಲಿನವನ ಬಾಕಿಯಂತೂ ಉಳಿಯುವುದಿಲ್ಲ.

ಆದ್ದರಿಂದ ನಮ್ರ ವಿನಂತಿ: 24ರ ಕಟ್ಟಿನ ಆಸೆ ಬಿಟ್ಟು, ಬರೀ ಕವಚವನ್ನು ಕಿರಾಣಿ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಮಾರಿ. ಒಗೆಯುವ ಸೂಚನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ. ಮುಂದಿನ ಜಾಹೀರಾತಿನಲ್ಲಿ ಆ ನಗುವ ತಾಯಿಗೆ ರಜೆ ಕೊಟ್ಟು, ಒಗೆಯುವ ಕಲ್ಲಿನ ಮುಂದೆ ಅಪ್ಪನನ್ನು ನಿಲ್ಲಿಸಿ.

ಇಂತಿ,
ನಿಮ್ಮ ಗಿರಾಕಿಯಾಗಲು ದುಡ್ಡು ಸಾಲದ,
ಒಬ್ಬ ಅಪ್ಪ